ಮಾನವಶಾಸ್ತ್ರ: ಗಡಿನಾಡ ವಿದ್ಯಾರ್ಥಿಗಳಿಗೊಂದು ಪರಿಚಯ

ಪದವಿಗೆ ಯಾವ ವಿಷಯ ತೆಗೆದುಕೊಳ್ಳಲಿ ಎಂದು ಕೇಳುವ ಸದಸ್ಯರ ಮಕ್ಕಳಿಗೆ ಮಾನವಶಾಸ್ತ್ರ, ಅಂದರೆ ಆಂಥ್ರೊಪಾಲಜಿ ಎಂದರೆ, ಅದು ಕಾಡುಜನರ ವಿಷಯವಲ್ಲವೇ ಎನ್ನುತ್ತಾರೆ. ಅಷ್ಟೇ ಅಲ್ಲ. ಮನುಷ್ಯನ ದೇಹ, ಗತಕಾಲ, ಭಾಷೆ, ಬಾಳುವೆ ಎಲ್ಲವನ್ನೂ ಒಟ್ಟಾಗಿ ನೋಡುವ ಶಾಸ್ತ್ರವಿದು. ಉದಾಹರಣೆಗೆ ದೂರ ಹೋಗಬೇಕಿಲ್ಲ, ನಮ್ಮ ಸೀಮೆಯಲ್ಲೇ ಇವೆ.

ಜೈವಿಕ ಮಾನವಶಾಸ್ತ್ರ ದೇಹರಚನೆ, ಆನುವಂಶಿಕತೆಗಳಿಗೆ ಸಂಬಂಧಿಸಿದ್ದು. ಒಂದು ಕಾಲಕ್ಕೆ ಮದರಾಸಿನ ಎಡ್ಗರ್ ಥರ್ಸ್ಟನ್ ಜನರ ತಲೆ, ಮೂಗು ಅಳೆದು ಜಾತಿ ವಿಂಗಡಿಸಲು ಹೊರಟಿದ್ದರು; ಆ ದಾರಿಯನ್ನು ಈಗ ಬಿಟ್ಟಾಗಿದೆ. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ನೀಲಗಿರಿಯ ಬುಡಕಟ್ಟುಗಳ ರಕ್ತ ಪರೀಕ್ಷಿಸಿ, ಸಿಕಲ್ ಸೆಲ್ ದೋಷ ಭಾರತದಲ್ಲೂ ಉಂಟೆಂದು ತೋರಿಸಿದರು. ವಯನಾಡಿನಲ್ಲೂ ಆ ಕಾಯಿಲೆಯಿದೆ.

ಪುರಾತತ್ವದಲ್ಲಿ ಬಳ್ಳಾರಿ ಸುತ್ತಿನ ಬೂದಿಗುಡ್ಡಗಳು ಪ್ರಸಿದ್ಧ. ರಕ್ಕಸರನ್ನು ಸುಟ್ಟ ಬೂದಿ ಎಂದು ಹಳಬರು ಹೇಳುತ್ತಿದ್ದರು. 1957ರಲ್ಲಿ ಆಲ್ಚಿನ್ ಎಂಬವರು ಮಹಬೂಬ್‌ನಗರ ಸೀಮೆಯ ಉಟ್ನೂರಿನಲ್ಲಿ ಅಂಥದೇ ಗುಡ್ಡ ಅಗೆದರು. ಸಿಕ್ಕಿದ್ದು 4,000 ವರ್ಷಕ್ಕೂ ಹಳೆಯ ದನದ ದೊಡ್ಡಿ. ಬೂದಿ, ಸುಟ್ಟ ಸಗಣಿಯದು. ಗೊರಸಿನ ಗುರುತೂ ಉಳಿದಿತ್ತು!

ಭಾಷಾ ಮಾನವಶಾಸ್ತ್ರವಂತೂ ನಮ್ಮದೇ ಮನೆಯ ಮಾತು. ಸಾಂಗಲಿ ಬಳಿಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಶತಮಾನಗಳಿಂದ ಒಟ್ಟಿಗಿವೆ. ಪದಗಳು ಬೇರೆಬೇರೆಯಾಗಿಯೇ ಉಳಿದು ವ್ಯಾಕರಣ ಮಾತ್ರ ಒಂದಾಗುತ್ತ ಬಂದಿದೆ ಎಂದು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಬರೆದರು. 'ಇದು ನಿಮ್ಮ ಮನೆ' ಎಂದರೆ ಕನ್ನಡಕ್ಕೆ ಸಾಕು; ಅಲ್ಲಿಯವರು ಮರಾಠಿಯ 'ಆಹೆ'ಯಂತೆ ಕೊನೆಗೆ 'ಐತಿ' ಸೇರಿಸುತ್ತಾರೆ. ಇಂಥ ಮಾತಿಗೆ 'ಕೆಟ್ಟ ಕನ್ನಡ' ಎಂದು ನಾನೂ ಒಮ್ಮೆ ಸಭೆಯಲ್ಲಿ ಒಬ್ಬ ಹುಡುಗನನ್ನು ತಿದ್ದಿದ್ದೆ. ಅವನು ಮತ್ತೆ ವೇದಿಕೆ ಹತ್ತಲಿಲ್ಲ. ಈ ಅಧ್ಯಯನ ಆಗ ನನಗೆ ತಿಳಿದಿರಲಿಲ್ಲ.

ಸಾಮಾಜಿಕ-ಸಾಂಸ್ಕೃತಿಕ ಶಾಖೆಯವರು ಜನರ ನಡುವೆಯೇ ತಿಂಗಳುಗಟ್ಟಲೆ ಉಳಿದು ಬರೆದುಕೊಳ್ಳುತ್ತಾರೆ. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿದ್ದರು. ಅದಕ್ಕೆ 'ರಾಂಪುರ' ಎಂದು ಹೆಸರಿಟ್ಟವರೂ ಅವರೇ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರ ಟಿಪ್ಪಣಿಗಳು ಸುಟ್ಟುಹೋದವು. ಜೀವಮಾನವಿಡೀ ಫೈಲು ಕಾದ ನನಗೆ ಇದನ್ನು ಓದಿ ಎದೆ ಝಲ್ಲೆಂದಿತು. ಅವರು ನೆನಪಿನ ಬಲದಿಂದಲೇ ಬರೆದ ಪುಸ್ತಕ 1976ರಲ್ಲಿ ಹೊರಬಂತು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ವಿಭಾಗವಿದೆ. ಪುಣೆ, ಮದರಾಸು, ಹೈದರಾಬಾದ್ ವಿಶ್ವವಿದ್ಯಾಲಯಗಳಲ್ಲೂ ಉಂಟು. ಐ.ಎ.ಎಸ್. ಪರೀಕ್ಷೆಗೂ ಇದನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳಬಹುದು.