ಡಯಲ್-ಅಪ್ ಸಂಪರ್ಕ ಕಡಿತ

ಸಾಮಾನ್ಯ ದೂರವಾಣಿ ತಂತಿಯಲ್ಲಿ ಮೋಡೆಮ್ ಏರ್ಪಡಿಸಿದ ಇಂಟರ್‌ನೆಟ್ ಸಂಪರ್ಕ, ಬಳಸುವವರು ಬಿಡುವ ಮೊದಲೇ ಕಡಿದುಹೋಗುವ ದೋಷ. ಸರ್ಕಾರಿ ಸಂಸ್ಥೆ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಭಾರತದಲ್ಲಿ ಸಾರ್ವಜನಿಕ ಇಂಟರ್‌ನೆಟ್ ಸೇವೆ ತೆರೆದಂದಿನಿಂದ ಬ್ರಾಡ್‌ಬ್ಯಾಂಡ್ ಹಬ್ಬುವ ತನಕ ಇದು ಮನೆಮನೆಯ ದೂರು. ಜನರ ಬಾಯಲ್ಲಿ ‘ನೆಟ್ ಕಟ್ಟಾಯ್ತು’.

ಕಾರಣ

ದೂರವಾಣಿ ಮಾರ್ಗ ಸಾಗಿಸುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸ್ವರಗಳನ್ನು ಮಾತ್ರ. ಮಾತಿನ ನಡುವೆ ಗೊರಗೊರ ಬಂದರೆ ಕಿವಿ ಹೊಂದಿಸಿಕೊಳ್ಳುತ್ತದೆ. ಆ ಕಿರಿದಾದ ಪಟ್ಟಿಯಲ್ಲೇ ದತ್ತಾಂಶವನ್ನೆಲ್ಲ ತುರುಕುವ ಮೋಡೆಮ್‌ಗೆ ಆ ಸೈರಣೆ ಇಲ್ಲ. ಹೀಗಾಗಿ ದೂರವಾಣಿ ದೂರಿನ ಸಂಖ್ಯೆಯಾಗಿದ್ದ 198ಕ್ಕೆ ಕರೆ ಮಾಡಿದಾಗ ಬಂದ ಲೈನ್‌ಮನ್ ‘ಹಲೋ’ ಎಂದು ನೋಡಿ, ಲೈನ್ ಸರಿಯಿದೆ ಎಂದು ಹೊರಟರೆ ಅವನು ಹೇಳಿದ್ದು ಸುಳ್ಳಲ್ಲ, ಪರೀಕ್ಷೆ ಸಾಲದು ಅಷ್ಟೆ.

ತಂತಿಯ ಜಾಯಿಂಟುಗಳು

ದೋಷ ಮೋಡೆಮ್‌ನಲ್ಲಿರುವುದಕ್ಕಿಂತ ಬೀದಿಯ ಡಿಪಿ (ವಿತರಣಾ) ಪೆಟ್ಟಿಗೆಗೂ ಮನೆಯ ಗೋಡೆಯ ರೋಸೆಟ್‌ಗೂ (ಫೋನ್ ಸಾಕೆಟ್) ನಡುವೆ ಇರುವುದೇ ಹೆಚ್ಚು. ಬರಿಗೈಲಿ ಹೊಸೆದು ಟೇಪ್ ಸುತ್ತಿದ ಜಾಯಿಂಟ್‌ಗೆ ನೀರಿಳಿದರೆ, ಮಾರ್ಗದಲ್ಲಿ ಸದಾ ಇರುವ 48 ವೋಲ್ಟ್ ನೇರವಿದ್ಯುತ್ತು ತಾಮ್ರವನ್ನು ಸವೆಸುತ್ತದೆ. ಹಸಿರು ಕಿಲುಬು ಕಟ್ಟುತ್ತದೆ. ವಿಚಿತ್ರವೆಂದರೆ, ಹೊರಗಿನಿಂದ ಕರೆ ಬಂದಾಗ ಗಂಟೆಯ ವಿದ್ಯುತ್ತು ಈ ಪೊರೆಯನ್ನು ಸೀಳಿ ಲೈನ್ ಕೆಲಹೊತ್ತು ಶುದ್ಧವಾಗುವುದುಂಟು. ‘ಯಾರಾದರೂ ಫೋನ್ ಮಾಡಿದ ಮೇಲೆ ನೆಟ್ ಕಡಿಯದೆ ನಿಲ್ಲುತ್ತೆ’ ಎಂಬ ಮಾತನ್ನು ಮೂಢನಂಬಿಕೆ ಎಂದು ತಳ್ಳಬಾರದು.

ಎರೆಮಣ್ಣಿನ ಸೀಮೆಗಳಲ್ಲಿ ಈ ದೋಷಕ್ಕೆ ಮಣ್ಣಿನ ಪಾಲೂ ಇರಬೇಕು. ಈ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವಾಗ ಹೂತ ಕೇಬಲ್ಲನ್ನು ಎಳೆದಾಡುತ್ತದೆ.

ಎಕ್ಸ್‌ಚೇಂಜ್

ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಪೋರ್ಟ್‌ಗಳ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ನೆಲೆಗೊಂಡದ್ದು 1986ರಲ್ಲಿ, ಕಿತ್ತೂರಿನಲ್ಲಿ. ಹವಾನಿಯಂತ್ರಣ ಬೇಡದ ಈ ಯಂತ್ರ ಹಳ್ಳಿಗೆ ಮಾತು ತಂದಿತು. ಆದರೆ 1998ರ ವಿ.90 ಮಾನಕದ ಮೋಡೆಮ್ 56 ಕಿಲೋಬಿಟ್ ವೇಗಕ್ಕೇರಬೇಕಾದರೆ, ಸೇವಾದಾರನಿಂದ ಗ್ರಾಹಕನ ಎಕ್ಸ್‌ಚೇಂಜ್‌ವರೆಗೆ ಹಾದಿಯೆಲ್ಲ ಡಿಜಿಟಲ್ ಆಗಿರಬೇಕು. ಸಣ್ಣ ಎಕ್ಸ್‌ಚೇಂಜ್ ಅನಲಾಗ್ ಟ್ರಂಕ್‌ನಿಂದ ಜೋಡಣೆಗೊಂಡಿದ್ದರೆ ವೇಗ 33.6ಕ್ಕೋ ಅದಕ್ಕೂ ಕೆಳಕ್ಕೋ ಇಳಿಯುವುದು ಖಚಿತ. ಅಲ್ಲಿ 56ಕ್ಕೆ ಹಟ ಹಿಡಿದು ಮತ್ತೆ ಮತ್ತೆ ಕಡಿಸಿಕೊಳ್ಳುವ ಬದಲು ಮೋಡೆಮನ್ನು 33.6ರ ಹಳೆಯ ಮಾನಕ ವಿ.34ಕ್ಕೆ ಕಟ್ಟಿಹಾಕುವುದೇ ಲೇಸು.

ಪತ್ತೆಯ ಕ್ರಮ

ಮೊದಲು ಪ್ಯಾರಲಲ್ ಫೋನ್‌ಗಳನ್ನೆಲ್ಲ ಕಳಚಬೇಕು. ಒಳಕೋಣೆಯಲ್ಲಿ ಯಾರೋ ರಿಸೀವರ್ ಎತ್ತಿದರೆ ಸಾಕು, ಸಂಪರ್ಕ ಹೋಯಿತು. ಬಳಿಕ ಫೋನ್ ಎತ್ತಿ ಒಂದೇ ಅಂಕೆ ಒತ್ತಬೇಕು. ಡಯಲ್ ಟೋನ್ ನಿಂತು ಕೆಲವು ಕ್ಷಣ ಮೌನ ಆವರಿಸುತ್ತದೆ. ಆ ಮೌನದಲ್ಲಿ ಬಾಣಲೆಯಲ್ಲಿ ಸಾಸಿವೆ ಸಿಡಿದಂಥ ಚಟಪಟ ಕೇಳಿಸಿದರೆ ಜಾಯಿಂಟ್ ಕೆಟ್ಟಿದೆ. ಒಂದೇ ಸಮನೆ ಗುಂಯ್‌ಗುಟ್ಟಿದರೆ ತಂತಿಯ ಒಂದು ಎಳೆ ನೆಲಕ್ಕೆ ತಾಗಿದೆ ಎಂದು ಶಂಕಿಸಬಹುದು. ಮಳೆ ಬಂದ ಮರುದಿನವೂ ಒಮ್ಮೆ ಆಲಿಸುವುದು ಒಳ್ಳೆಯದು.

ಕಾಲ್ ವೇಟಿಂಗ್ ಸದ್ದು ಮೋಡೆಮ್‌ಗಳ ನಡುವಿನ ವಾಹಕಸ್ವರವನ್ನು (ಕ್ಯಾರಿಯರ್) ಕ್ಷಣಕಾಲ ಮುರಿಯುತ್ತದೆ. ಮೋಡೆಮ್‌ನ ಎಸ್10 ಎಂಬ ರಿಜಿಸ್ಟರ್ ಅಂಥ ಮುರಿವನ್ನು ಎಷ್ಟು ಹೊತ್ತು ಸಹಿಸಬೇಕೆಂದು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಹೇಳುತ್ತದೆ. ಹಲವು ಮೋಡೆಮ್‌ಗಳಲ್ಲಿ ಅದು 14, ಎಂದರೆ 1.4 ಸೆಕೆಂಡು; 50 ಮಾಡಿದರೆ ಐದು ಸೆಕೆಂಡು. ಸುಮ್ಮನಿದ್ದಾಗಲೇ ಕಡಿಯುತ್ತಿದ್ದರೆ ಬಳಕೆ ಇಲ್ಲದಾಗ ಸಂಪರ್ಕ ಕಡಿಯುವ ವಿಂಡೋಸ್‌ನ ಕಾಲಮಿತಿ ನೋಡಬೇಕು.

ನಂತರ

2005ರಿಂದ ಬಿಎಸ್‌ಎನ್‌ಎಲ್ ಕೊಟ್ಟ ಎಡಿಎಸ್‌ಎಲ್ ಬ್ರಾಡ್‌ಬ್ಯಾಂಡ್ ಕೂಡ ಇದೇ ತಾಮ್ರದ ಜೋಡಿಯಲ್ಲಿ ಬಂದಿತು. ಕಿಲುಬು ಹಿಡಿದ ಜಾಯಿಂಟ್ ಅದನ್ನೂ ಕಡಿಯುತ್ತಿತ್ತು.