ಬಾಯಲ್ಲಿ ನಿಲ್ಲುವ ಹಲ್ಲು

ಕಾಲೇಜಿನ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಪಕ್ಕದಲ್ಲಿಟ್ಟಿರುವ ಗಾಜಿನ ಸ್ಲೈಡುಗಳಲ್ಲಿ ಎರಡನ್ನು ತೆಗೆದುಕೊಳ್ಳಿ. ಒಣಗಿರುವಾಗ ಒಂದರ ಮೇಲೊಂದಿಟ್ಟು ಎತ್ತಿದರೆ ಸಲೀಸಾಗಿ ಬೇರೆಯಾಗುತ್ತವೆ. ಈಗ ನಡುವೆ ಒಂದು ತೊಟ್ಟು ನೀರು ಬಿಟ್ಟು ಒತ್ತಿ, ಜಾರಿಸದೆ ನೇರವಾಗಿ ಎಳೆದು ಬಿಡಿಸಲು ನೋಡಿ. ಎಷ್ಟು ಹಟ ಮಾಡುತ್ತವೆ! ಅದೇ ಜೋಡಿಯನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿ ನಿಧಾನವಾಗಿ ಎಳೆಯಿರಿ. ಆ ಹಟ ಬಹುಮಟ್ಟಿಗೆ ಮಾಯ. ಈ ಎರಡು ಪ್ರಯೋಗಗಳನ್ನು ನೆನಪಿನಲ್ಲಿಡಿ. ನಿಮ್ಮ ಮನೆಯ ಅಜ್ಜನೋ ಅಜ್ಜಿಯೋ ಕಟ್ಟಿಸಿಕೊಂಡಿರುವ ಹಲ್ಲುಸೆಟ್ಟು ಮೇಲ್ದವಡೆಯಲ್ಲಿ ಏಕೆ ನಿಲ್ಲುತ್ತದೆ, ಕೆಳದವಡೆಯಲ್ಲಿ ಏಕೆ ಕುಣಿಯುತ್ತದೆ ಎಂಬುದರ ಅರ್ಧ ಉತ್ತರ ಇವುಗಳಲ್ಲಿದೆ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಚಿತ್ರೀಕರಣಕ್ಕೆಂದು ಓಡಾಡುವಾಗ ಒಂದು ಸಂಗತಿಯನ್ನು ಮತ್ತೆ ಮತ್ತೆ ಗಮನಿಸಿದ್ದೇನೆ. ಅನೇಕ ಹಿರಿಯರಿಗೆ ಹಲ್ಲುಸೆಟ್ಟು ಇರುತ್ತದೆ, ಬಾಯಲ್ಲಲ್ಲ, ಟ್ರಂಕಿನಲ್ಲಿ. ಮದುವೆಗೋ ಫೋಟೋ ತೆಗೆಸುವುದಕ್ಕೋ ಹೊರಬರುತ್ತದೆ, ಊಟಕ್ಕೆ ಕೂರುವಾಗ ಮತ್ತೆ ಒಳಗೆ ಹೋಗುತ್ತದೆ. ಅಗಿಯಲೆಂದೇ ಮಾಡಿಸಿದ್ದನ್ನು ಅಗಿಯುವ ಹೊತ್ತಿಗೆ ತೆಗೆದಿಡುವುದು ವಿಚಿತ್ರವಲ್ಲವೇ? ರಾಗಿಯ ನಾಡಿನಲ್ಲಿ ಇದು ಹೇಗೋ ನಡೆದುಹೋಗುತ್ತದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ; ಮುರಿದು, ಸಾರಿನಲ್ಲಿ ಅದ್ದಿ, ನುಂಗುತ್ತಾರೆ. ಎಲೆಯಡಿಕೆಗೆ ಪುಟ್ಟ ಕುಟ್ಟಾಣಿ ಇದ್ದೇ ಇದೆ. ಆದರೆ ಹುರುಳಿ, ಅವರೆ, ಕಡಲೆ, ಸೌತೆಕಾಯಿ, ಮಾಂಸ ಎಲ್ಲವೂ ಒಂದೊಂದಾಗಿ ತಟ್ಟೆಯಿಂದ ದೂರವಾಗುತ್ತವೆ. ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆಯನ್ನು ನಾವು ನಗುತ್ತಾ ಹೇಳುತ್ತೇವೆ. ಶರೀರಕ್ಕೆ ಬೇಕಾದ ಪ್ರೋಟೀನು, ನಾರು ಕಡಮೆಯಾಗುವ ವಯಸ್ಸಿನಲ್ಲಿ ಅದು ನಗುವ ಮಾತಲ್ಲ.

ಮಾದಪ್ಪನ ಕಥೆ ಹಾಡುವ ಹಿರಿಯರೊಬ್ಬರು ನಮ್ಮ ಮೈಕಿನ ಮುಂದೆ ಕುಳಿತೊಡನೆ ಸೆಟ್ಟನ್ನು ತೆಗೆದು ಟವೆಲಿನ ತುದಿಗೆ ಗಂಟು ಹಾಕಿಕೊಂಡರು. “ಇದ ಹಾಕಂಡ್ರ ಪದ ಜಾರೋಯ್ತದ ಸಾಮಿ” ಎಂದರು. ಧ್ವನಿಮುದ್ರಣ ಮಾಡುವವರಿಗೆ ಒಳಗೊಳಗೇ ಸಮಾಧಾನವಾಯಿತೆನ್ನಿ. ಸಡಿಲ ಸೆಟ್ಟಿನ ಟಕ್ ಟಕ್ ಸದ್ದೂ ‘ಸ’ಕಾರ ಬಂದಲ್ಲೆಲ್ಲ ಏಳುವ ಸೀಟಿಯೂ ಕಿವಿಗೆ ಕೇಳದಿದ್ದರೂ ಮೈಕಿಗೆ ಚೆನ್ನಾಗಿ ಕೇಳುತ್ತವೆ.

ಹಾಗಾದರೆ ಹಲ್ಲುಸೆಟ್ಟು ಏಕೆ ಜಾರುತ್ತದೆ? ಅದಕ್ಕಿಂತ ಮೊದಲು, ಅದು ನಿಲ್ಲುವುದಾದರೂ ಹೇಗೆ?

ಕನ್ನಡದಲ್ಲಿ ನಾವು ‘ಹಲ್ಲು ಕಟ್ಟಿಸಿಕೊಂಡರು’ ಎನ್ನುತ್ತೇವೆ. ಕಟ್ಟುವುದು ಎಂದರೆ ದಾರದಿಂದ ಬಿಗಿಯುವುದೂ ಹೌದು, ಮನೆ ಕಟ್ಟಿದಂತೆ ನಿರ್ಮಿಸುವುದೂ ಹೌದು. ಚರಿತ್ರೆಯಲ್ಲಿ ಮೊದಲು ಬಂದದ್ದು ಬಿಗಿಯುವ ಕೆಲಸ. ಇಟಲಿಯ ಎಟ್ರುಸ್ಕನ್ ಜನ ಕ್ರಿಸ್ತಪೂರ್ವ 7ನೆಯ ಶತಮಾನದ ಸುಮಾರಿಗೇ ಚಿನ್ನದ ತೆಳುಪಟ್ಟಿಯಲ್ಲಿ ಬದಲಿ ಹಲ್ಲನ್ನು ಕೂರಿಸಿ ಅಕ್ಕಪಕ್ಕದ ಹಲ್ಲುಗಳಿಗೆ ಬಿಗಿಯುತ್ತಿದ್ದರು. ಒಂದೆರಡು ಹಲ್ಲು ಹೋದವರಿಗೆ ಇದು ಸರಿ. ಎಲ್ಲ ಹಲ್ಲೂ ಉದುರಿದ ಬಾಯಲ್ಲಿ ಯಾವುದಕ್ಕೆ ಕಟ್ಟುವುದು?

ಈ ಪ್ರಶ್ನೆಗೆ ಯೂರೋಪು ಕಂಡುಕೊಂಡ ಉತ್ತರ ಸ್ಪ್ರಿಂಗು. 1728ರಲ್ಲಿ ದಂತವೈದ್ಯದ ಮೇಲೆ ದೊಡ್ಡ ಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿನ ಪಿಯೆರ್ ಫೋಷಾರ್, ಮೇಲಿನ ಮತ್ತು ಕೆಳಗಿನ ಸೆಟ್ಟುಗಳನ್ನು ಉಕ್ಕಿನ ಸ್ಪ್ರಿಂಗುಗಳಿಂದ ಜೋಡಿಸುವುದನ್ನು ವಿವರಿಸಿದ. ಸ್ಪ್ರಿಂಗು ಮೇಲಿನದನ್ನು ಮೇಲಕ್ಕೂ ಕೆಳಗಿನದನ್ನು ಕೆಳಕ್ಕೂ ಸದಾ ದೂಡುತ್ತಿರುತ್ತದೆ. ಅಂದರೆ ಬಾಯಿ ಮುಚ್ಚಿಕೊಂಡಿರುವುದೇ ಒಂದು ಕೆಲಸ! ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಪ್ರಮಾಣವಚನ ಸ್ವೀಕರಿಸುವಾಗ ಅವರ ಬಾಯಲ್ಲಿ ಉಳಿದಿದ್ದದ್ದು ಸ್ವಂತದ ಒಂದೇ ಹಲ್ಲು. ಅವರ ಸೆಟ್ಟು ಮರದ್ದೆಂದು ಇಂದಿಗೂ ಹಲವರು ನಂಬುತ್ತಾರೆ. ಅದು ನಿಜವಲ್ಲ; ಜಾನ್ ಗ್ರೀನ್‌ವುಡ್ ಎಂಬ ದಂತವೈದ್ಯ ಅದನ್ನು ನೀರಾನೆಯ ದಂತದಿಂದ ಕೊರೆದಿದ್ದ, ಸ್ಪ್ರಿಂಗು ಹಾಕಿದ್ದ. ಚಿತ್ರಗಳಲ್ಲಿ ವಾಷಿಂಗ್ಟನ್ನರ ತುಟಿ ಬಿಗಿದುಕೊಂಡು ಉಬ್ಬಿದಂತೆ ಕಾಣುವುದಕ್ಕೆ ಇದೇ ಕಾರಣವೆನ್ನುತ್ತಾರೆ.

ಸ್ಪ್ರಿಂಗು ಬೇಡವೆಂಬ ಅರಿವು ಮೂಡಿದ್ದು ಆಕಸ್ಮಿಕವಾಗಿ. ಫಿಲಡೆಲ್ಫಿಯಾದಲ್ಲಿದ್ದ ಫ್ರೆಂಚ್ ಮೂಲದ ದಂತವೈದ್ಯ ಜೇಮ್ಸ್ ಗಾರ್ಡೆಟ್ 1800ರಲ್ಲಿ ಒಬ್ಬ ಮಹಿಳೆಗೆ ದಂತದ ಸೆಟ್ಟು ಕೊರೆದುಕೊಟ್ಟ. ಬಾಯಿಗೆ ಅಭ್ಯಾಸವಾಗಲಿ, ಸ್ಪ್ರಿಂಗನ್ನು ಆಮೇಲೆ ಹಾಕೋಣವೆಂದ. ಕೆಲಸದ ಒತ್ತಡದಲ್ಲಿ ತಿಂಗಳುಗಳೇ ಕಳೆದುಹೋದವು. ಕೊನೆಗೆ ಸ್ಪ್ರಿಂಗು ಹಿಡಿದು ಹೋದರೆ ಆಕೆ ನೆಮ್ಮದಿಯಾಗಿ ಊಟ ಮಾಡುತ್ತಿದ್ದಾಳೆ! ಮೊದಮೊದಲು ತುಸು ತೊಂದರೆಯಾಯಿತು, ಈಗ ಮೇಲಿನ ಸೆಟ್ಟು ತಾನಾಗಿಯೇ ಅಂಟಿಕೊಂಡಿದೆ ಎಂದಳು. ಗಾರ್ಡೆಟ್ ಇದನ್ನು ವಾಯುಭಾರದ ಮಹಿಮೆ ಎಂದು ತಿಳಿದ. ಅದು ಪೂರ್ತಿ ತಪ್ಪಲ್ಲ, ಪೂರ್ತಿ ಸರಿಯೂ ಅಲ್ಲ. ಅವನ ನಂತರದವರು ಆ ವಿವರಣೆಯನ್ನು ಅತಿಗೆ ಒಯ್ದು, ಸೆಟ್ಟಿನ ನಡುವೆ ಗಾಳಿ ಹೀರುವ ಗುಳಿಗಳನ್ನು ಕೊರೆದರು. ಅಂಗುಳದ ಮೃದು ಚರ್ಮ ಆ ಗುಳಿಯೊಳಕ್ಕೆ ಬೆಳೆದು ಹುಣ್ಣಾದದ್ದೇ ಲಾಭ.

ನಿಜವಾದ ಕಾರಣ ಆ ಒಂದು ತೊಟ್ಟು ನೀರು, ಇಲ್ಲಿ ಜೊಲ್ಲು. ಆಸ್ಟ್ರಿಯದ ಭೌತವಿಜ್ಞಾನಿ ಜೋಸೆಫ್ ಸ್ಟೆಫಾನ್ 1874ರಲ್ಲಿ ಹಲ್ಲಿನ ಯೋಚನೆಯೇ ಇಲ್ಲದೆ ಎರಡು ದುಂಡು ಬಿಲ್ಲೆಗಳ ನಡುವಣ ದ್ರವದ ಲೆಕ್ಕ ಹಾಕಿದ. ಬಿಲ್ಲೆಗಳನ್ನು ಎಳೆದು ಬಿಡಿಸಲು ಬೇಕಾದ ಬಲ ದ್ರವದ ಸ್ನಿಗ್ಧತೆಯೊಂದಿಗೂ ಎಳೆಯುವ ವೇಗದೊಂದಿಗೂ ಏರುತ್ತದೆ. ಬಿಲ್ಲೆಯ ತ್ರಿಜ್ಯದ ನಾಲ್ಕನೆಯ ಘಾತದಷ್ಟು ಏರುತ್ತದೆ. ನಡುವಣ ಸಂದಿನ ಮೂರನೆಯ ಘಾತದಷ್ಟು ಇಳಿಯುತ್ತದೆ. ಗಣಿತ ಓದುವವರು ಇಲ್ಲಿ ಒಂದು ಕ್ಷಣ ನಿಲ್ಲಿ. ಸಂದು ಅರ್ಧವಾದರೆ ಹಿಡಿತ ಎಂಟು ಪಟ್ಟು. ಇದರ ಜೊತೆಗೆ ಅಂಚಿನಲ್ಲಿ ದ್ರವದ ಮೇಲ್ಮೈ ಎಳೆತವೂ ಸೇರಿಕೊಳ್ಳುತ್ತದೆ. ಆದ್ದರಿಂದ ಸೆಟ್ಟು ವಸಡಿನ ಪ್ರತಿ ಏರುತಗ್ಗಿಗೂ ಹೊಂದಿಕೊಂಡು ಕೂತಷ್ಟೂ ಭದ್ರ. ಅಂಟಾಗಲಿ ಸ್ಪ್ರಿಂಗಾಗಲಿ ಬೇಕಿಲ್ಲ, ಬೇಕಾದದ್ದು ಸರಿಯಾದ ಅಚ್ಚು.

ಸೂತ್ರ ತಿಳಿಯದೆಯೂ ಈ ಪಾಠವನ್ನು ಕೈಯಿಂದ ಕಲಿತಿದ್ದವರು ಜಪಾನಿನ ಮರಗೆಲಸದವರು. ವಾಕಯಾಮಾದ ಒಂದು ಬೌದ್ಧ ದೇವಾಲಯದ ಸನ್ಯಾಸಿನಿ, 1538ರಲ್ಲಿ ತೀರಿಕೊಂಡ ನಕಾವೋಕಾ ತೇಯಿ ಬಳಸುತ್ತಿದ್ದ ಮೇಲ್ದವಡೆಯ ಸೆಟ್ಟು ಇಂದಿಗೂ ಉಳಿದಿದೆ. ತ್ಸುಗೆ ಎಂಬ ಗಟ್ಟಿಮರದ ಒಂದೇ ತುಂಡಿನಲ್ಲಿ ಕೆತ್ತಿದ್ದು. ಸ್ಪ್ರಿಂಗೂ ಇಲ್ಲ, ತಂತಿಯೂ ಇಲ್ಲ. ಬುದ್ಧನ ವಿಗ್ರಹ ಕೆತ್ತುತ್ತಿದ್ದ ಕೈಗಳೇ ಈ ಕೆಲಸಕ್ಕೆ ತಿರುಗಿದವೆಂದು ಹೇಳುತ್ತಾರೆ. ಜೇನುಮೇಣವನ್ನು ಮೆದುಮಾಡಿ ಬಾಯಲ್ಲೊತ್ತಿ ಅಚ್ಚು ತೆಗೆಯುತ್ತಿದ್ದರು. ಅದನ್ನು ನೋಡಿ ಮರ ಕೆತ್ತಿ, ವಸಡಿಗೆ ಬಣ್ಣ ಹಚ್ಚಿ ಸೆಟ್ಟನ್ನು ಒತ್ತುತ್ತಿದ್ದರು. ಬಣ್ಣ ಅಂಟಿದ ಕಡೆ ಉಬ್ಬಿದೆ ಎಂದರ್ಥ. ಅಷ್ಟನ್ನೇ ಹೆರೆದು ಮತ್ತೆ ಒತ್ತುವುದು, ಮತ್ತೆ ಹೆರೆಯುವುದು. ನಮ್ಮೂರಿನ ಬಡಗಿ ಬಾಗಿಲನ್ನು ಚೌಕಟ್ಟಿಗೆ ಕೂರಿಸುವಾಗ ಎಲ್ಲಿ ಉಜ್ಜುತ್ತದೆಂದು ನೋಡಿ ಹತ್ತರಿ ಹಾಕುವುದಿಲ್ಲವೇ, ಹಾಗೆ. ಇಂದಿನ ದಂತವೈದ್ಯರೂ ಒತ್ತುವ ಜಾಗವನ್ನು ಪತ್ತೆ ಮಾಡಲು ಸೆಟ್ಟಿನ ಒಳಮೈಗೆ ಒಂದು ಬಗೆಯ ಬಿಳಿ ಪೇಸ್ಟು ಹಚ್ಚುತ್ತಾರೆ. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು.

ಅಂದಹಾಗೆ ಜೇನುಮೇಣ ನಿಮಗೆ ಹೊಸದಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇಳಿಸುವ ಹೆಜ್ಜೇನಿನ ತಟ್ಟೆಯಲ್ಲಿರುವುದೂ ಜೇನುಮೇಣವೇ. ಹಲ್ಲುಸೆಟ್ಟಿನ ತಯಾರಿಯಲ್ಲಿ ಹಲ್ಲುಗಳನ್ನು ಜೋಡಿಸಿ ನೋಡುವ ಗುಲಾಬಿ ಮೇಣದಲ್ಲೂ ಅದು ಸೇರಿರುತ್ತದೆ. ಆ ಮೇಣವನ್ನು ಹೊರುವ ತಾತ್ಕಾಲಿಕ ತಟ್ಟೆಯನ್ನು ಬಹುಕಾಲ ಮಾಡುತ್ತಿದ್ದದ್ದು ಶೆಲ್ಲಾಕಿನಿಂದ, ಅಂದರೆ ಪಾಂಡವರ ಮನೆಯ ಅರಗಿನಿಂದ. ಹಳೆಯ ಗ್ರಾಮಫೋನ್ ತಟ್ಟೆಗಳೂ ಅದರವೇ.

ಅಚ್ಚು ಎಷ್ಟು ಚೆನ್ನಾಗಿದ್ದರೂ ದಂತವನ್ನೋ ಚಿನ್ನವನ್ನೋ ಅದಕ್ಕೆ ತಕ್ಕಂತೆ ಕೂರಿಸುವುದು ದುಬಾರಿ ಕೆಲಸ. ಬಡವರ ಬಾಯಿಗೆ ಹಲ್ಲು ಬಂದದ್ದು ರಬ್ಬರಿನಿಂದ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಬೆರೆಸಿ ಕಾಯಿಸಿದ ರಬ್ಬರನ್ನು ಕಂಡುಕೊಂಡ. ಅವನ ತಮ್ಮ ನೆಲ್ಸನ್ 1851ರಲ್ಲಿ ಗಟ್ಟಿ ರಬ್ಬರಿಗೆ ಪೇಟೆಂಟ್ ಪಡೆದ. ಮೆದುವಾಗಿರುವಾಗ ಪ್ಲಾಸ್ಟರಿನ ಅಚ್ಚಿಗೆ ಒತ್ತಿ ಕಾಯಿಸಿದರೆ ಅದು ಅಚ್ಚಿನ ಗೆರೆಗೆರೆಯನ್ನೂ ಹಿಡಿಯುತ್ತಿತ್ತು. 1840ರ ದಶಕದಲ್ಲಿ ಈಥರ್ ಮತ್ತು ನೈಟ್ರಸ್ ಆಕ್ಸೈಡ್ ಬಂದು ನೋವಿಲ್ಲದೆ ಹಲ್ಲು ಕೀಳುವುದು ಸಾಧ್ಯವಾಗಿತ್ತು. ಸೆಟ್ಟು ಕೇಳುವವರೂ ಹೆಚ್ಚಿದ್ದರು. ಆದರೆ ಪೇಟೆಂಟು ಹಿಡಿದಿದ್ದ ಕಂಪನಿ ಪ್ರತಿಯೊಬ್ಬ ದಂತವೈದ್ಯನಿಂದಲೂ ಶುಲ್ಕ ಕೇಳಿತು, ಕೊಡದವರನ್ನು ನ್ಯಾಯಾಲಯಕ್ಕೆಳೆಯಿತು. 1879ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆ ಕಂಪನಿಯ ಖಜಾಂಚಿ ಜೋಸಾಯ ಬೇಕನ್‌ನನ್ನು ಸ್ಯಾಮ್ಯುಯೆಲ್ ಚಾಲ್‌ಫಂಟ್ ಎಂಬ ದಂತವೈದ್ಯ ಗುಂಡಿಟ್ಟು ಕೊಂದ. ಎರಡು ವರ್ಷದ ಬಳಿಕ ಪೇಟೆಂಟಿನ ಅವಧಿಯೇ ಮುಗಿಯಿತು. 1937ರ ಸುಮಾರಿಗೆ ಕಂದು ರಬ್ಬರಿನ ಜಾಗಕ್ಕೆ ವಸಡಿನ ಬಣ್ಣದ ಅಕ್ರಿಲಿಕ್ ಪ್ಲಾಸ್ಟಿಕ್ ಬಂತು. ಇಂದಿಗೂ ಹೆಚ್ಚಿನ ಸೆಟ್ಟುಗಳು ಅದರವೇ.

ಇಷ್ಟೆಲ್ಲ ಆದ ಮೇಲೂ ಕೆಳಗಿನ ಸೆಟ್ಟು ಜಾರುವುದು ನಿಲ್ಲಲಿಲ್ಲ. ಮೇಲ್ದವಡೆಯಲ್ಲಿ ಇಡೀ ಅಂಗುಳವೇ ಆಸರೆ. ಕೆಳದವಡೆಯಲ್ಲಿ ಸಿಗುವುದು ಕುದುರೆಲಾಳದಂಥ ಒಂದು ಕಿರುದಂಡೆ, ವಿಸ್ತಾರದಲ್ಲಿ ಹೆಚ್ಚುಕಡಮೆ ಅರ್ಧ. ತ್ರಿಜ್ಯದ ನಾಲ್ಕನೆಯ ಘಾತ ಎಂದದ್ದು ನೆನಪಿದೆಯಲ್ಲ! ಸಾಲದ್ದಕ್ಕೆ ಅಲ್ಲಿ ಸದಾ ಜೊಲ್ಲಿನ ಮಡು, ಬೋಗುಣಿಯೊಳಗಿನ ಸ್ಲೈಡುಗಳ ಸ್ಥಿತಿ. ನಡುವೆ ಸುಮ್ಮನಿರದ ನಾಲಗೆ ಬೇರೆ. ಇಂಗ್ಲೆಂಡಿನ ವಿಲ್‌ಫ್ರೆಡ್ ಫಿಶ್ 1930ರ ದಶಕದಲ್ಲಿ ಇದನ್ನು ತಿರುಗಿಸಿ ನೋಡಿದ. ನಾಲಗೆ ಹೊರಕ್ಕೆ ನೂಕುತ್ತದೆ, ಕೆನ್ನೆ ತುಟಿಗಳು ಒಳಕ್ಕೆ ಒತ್ತುತ್ತವೆ. ಈ ಎರಡೂ ಬಲಗಳು ಸರಿಸಮವಾಗುವ ಒಂದು ಓಣಿಯಿದೆ, ಹಲ್ಲುಗಳನ್ನು ಅಲ್ಲಿಯೇ ಜೋಡಿಸಬೇಕು. ಆಗ ಸ್ನಾಯುಗಳು ಸೆಟ್ಟನ್ನು ಎತ್ತಿಹಾಕುವುದಿಲ್ಲ, ಹಿಡಿದುಕೊಳ್ಳುತ್ತವೆ. ಅದಕ್ಕೂ ಮೊದಲೇ ಅಮೆರಿಕದ ಗ್ರೀನ್ ಸೋದರರು, ಅಚ್ಚಿನ ವಸ್ತು ಮೆತ್ತಗಿರುವಾಗಲೇ ರೋಗಿಯ ತುಟಿ, ಕೆನ್ನೆ, ನಾಲಗೆಗಳನ್ನು ಆಡಿಸಿ ಅಂಚನ್ನು ರೂಪಿಸುವ ಕ್ರಮವನ್ನು ರೂಢಿಗೆ ತಂದಿದ್ದರು. ಅಂಚು ಉದ್ದವಾದರೆ ಚುಚ್ಚಿ ಹುಣ್ಣು, ಗಿಡ್ಡವಾದರೆ ಗಾಳಿ ನುಗ್ಗಿ ಸಡಿಲ.

ಅಚ್ಚು ತೆಗೆದ ಬಾಯಿಯೂ ಇದ್ದಂತೆ ಇರುವುದಿಲ್ಲ. ಹಲ್ಲು ಹೋದ ದವಡೆಯ ಮೂಳೆ ವರ್ಷವರ್ಷವೂ ಸವೆಯುತ್ತದೆ. ಆಂತ್ಯೆ ತಾಲ್‌ಗ್ರೆನ್ ಎಂಬ ಸಂಶೋಧಕಿ ಸೆಟ್ಟು ಧರಿಸುವವರನ್ನು 25 ವರ್ಷಗಳವರೆಗೂ ಹಿಂಬಾಲಿಸಿ, ಕೆಳದವಡೆ ಮೇಲ್ದವಡೆಯ ಸುಮಾರು ನಾಲ್ಕು ಪಟ್ಟು ಸವೆಯುತ್ತದೆಂದು 1972ರಲ್ಲಿ ತೋರಿಸಿದರು. ಸಂದು ಹಿಗ್ಗಿದರೆ ಹಿಡಿತ ಏನಾಗುತ್ತದೆಂದು ನೀವೇ ಲೆಕ್ಕ ಹಾಕಬಲ್ಲಿರಿ. ಸೆಟ್ಟಿನ ಒಳಮೈಗೆ ಹೊಸ ಪದರ ಹಾಕಿ ಮತ್ತೆ ಹೊಂದಿಸುವುದು ಇದಕ್ಕೆ ಸಾಮಾನ್ಯ ಪರಿಹಾರ. ಇನ್ನೊಂದು ದಾರಿ ಸ್ವೀಡನ್ನಿನ ಬ್ರಾನೆಮಾರ್ಕ್ ತೋರಿದ್ದು. 1952ರಲ್ಲಿ ಮೊಲದ ಮೂಳೆಗೆ ಟೈಟಾನಿಯಂ ಬೆಸೆದುಕೊಳ್ಳುವುದನ್ನು ಕಂಡ ಆತ 1965ರಲ್ಲಿ ಮನುಷ್ಯರ ದವಡೆಗೆ ಟೈಟಾನಿಯಂ ಬೇರುಗಳನ್ನು ಕೂರಿಸಿದ. ಕೆಳದವಡೆಗೆ ಇಂಥ ಎರಡು ಬೇರು ಹಾಕಿ ಅವುಗಳ ಮೇಲೆ ಸೆಟ್ಟನ್ನು ಸಿಕ್ಕಿಸುವುದೇ ಮೊದಲ ಆಯ್ಕೆಯಾಗಬೇಕೆಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಅಭಿಪ್ರಾಯಪಟ್ಟರು. ವೆಚ್ಚ ನೋಡಿದರೆ ನಮ್ಮ ಹಳ್ಳಿಗಳಿಗೆ ಅದು ಇನ್ನೂ ದೂರದ ಮಾತು.

ಈಗ ಕೊಳ್ಳೇಗಾಲಕ್ಕೆ ಮರಳೋಣ. ಭಾರತದ ಮೊದಲ ದಂತವೈದ್ಯ ಕಾಲೇಜನ್ನು ಡಾ. ರಫಿಉದ್ದೀನ್ ಅಹ್ಮದ್ 1920ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದರು. ದಂತವೈದ್ಯರ ಕಾಯಿದೆ ಬಂದದ್ದು 1948ರಲ್ಲಿ. ಆಗ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರಿನ ಕಡೆಗಿತ್ತು. 1956ರಲ್ಲಿ ಎರಡೂ ಒಂದೇ ರಾಜ್ಯಕ್ಕೆ ಸೇರಿದವು. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು ಆರಂಭವಾದದ್ದು 1958ರಲ್ಲಿ. ಕರ್ನಾಟಕ ಸರ್ಕಾರ 2014-15ರಲ್ಲಿ ‘ದಂತ ಭಾಗ್ಯ’ ಯೋಜನೆಯನ್ನು ತಂದು, ಅರವತ್ತು ದಾಟಿದ ಬಿ.ಪಿ.ಎಲ್. ಕುಟುಂಬದ ಹಿರಿಯರಿಗೆ ದಂತವೈದ್ಯ ಕಾಲೇಜುಗಳ ಮೂಲಕ ಉಚಿತವಾಗಿ ಪೂರ್ಣ ಸೆಟ್ಟು ಕೊಡುವ ಏರ್ಪಾಡು ಮಾಡಿತು. ಒಳ್ಳೆಯ ಯೋಜನೆ, ಸಂದೇಹವಿಲ್ಲ.

ಆದರೆ ಸೆಟ್ಟು ತಯಾರಿಸುವ ಕ್ರಮವನ್ನು ನೋಡಿ. ಮೊದಲ ಅಚ್ಚು ಒಂದು ದಿನ, ಅಂಚು ರೂಪಿಸಿದ ಎರಡನೆಯ ಅಚ್ಚು ಇನ್ನೊಂದು ದಿನ. ದವಡೆಗಳು ಕೂಡುವ ಎತ್ತರ ಗುರುತಿಸಲು ಮೂರನೆಯ ಭೇಟಿ, ಮೇಣದಲ್ಲಿ ಜೋಡಿಸಿದ ಹಲ್ಲು ನೋಡಲು ನಾಲ್ಕನೆಯದು, ಸೆಟ್ಟು ಪಡೆಯಲು ಐದನೆಯದು. ನಿಜವಾದ ಪರೀಕ್ಷೆ ಆಮೇಲೆ ಶುರುವಾಗುತ್ತದೆ. ಎರಡು ದಿನ ಊಟ ಮಾಡಿದ ಮೇಲೆ ಎಲ್ಲಿ ಒತ್ತುತ್ತದೆಂದು ತಿಳಿಯುತ್ತದೆ; ಆ ಜಾಗವನ್ನಷ್ಟೇ ಸವರಿಸಲು ಆರನೆಯ ಭೇಟಿ, ಏಳನೆಯ ಭೇಟಿ. ಹನೂರಿನ ಆಚೆ, ಮಾದಪ್ಪನ ಬೆಟ್ಟದ ದಾರಿಯ ಹಳ್ಳಿಯಿಂದ ಕೊಳ್ಳೇಗಾಲಕ್ಕೆ ಬಂದು ಅಲ್ಲಿಂದ ಮೈಸೂರಿನ ಬಸ್ಸು ಹಿಡಿಯುವ ಎಪ್ಪತ್ತರ ಅಜ್ಜಿಗೆ ಒಂದೊಂದು ಭೇಟಿಯೂ ಒಂದು ದಿನ. ಜೊತೆಗೆ ಬರುವ ಮಗನಿಗೆ ಒಂದು ದಿನದ ಕೂಲಿ. ಐದು ಸಲ ಹೇಗೋ ಬರುತ್ತಾರೆ, ಸೆಟ್ಟು ಕೈಗೆ ಬಂದ ಮೇಲೆ ಬರುವುದಿಲ್ಲ. ಒತ್ತಿದ ಜಾಗ ಹುಣ್ಣಾಗುತ್ತದೆ, ಸೆಟ್ಟು ಟ್ರಂಕು ಸೇರುತ್ತದೆ. ಎಷ್ಟು ಸೆಟ್ಟು ಕೊಟ್ಟೆವು ಎಂದು ಎಣಿಸುವುದಕ್ಕಿಂತ, ಆರು ತಿಂಗಳ ಮೇಲೆ ಎಷ್ಟು ಬಾಯಿಗಳಲ್ಲಿ ಉಳಿದಿವೆ ಎಂದು ಎಣಿಸುವುದು ಸರಿಯಾದ ಲೆಕ್ಕವೆಂದು ನನಗನ್ನಿಸುತ್ತದೆ. ಸವರಿಸುವ ಆ ಕೊನೆಯ ಕೆಲಸಕ್ಕೆ ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಪೇಸ್ಟು, ಉಜ್ಜುವ ಉಪಕರಣ ಮತ್ತು ತಾಳ್ಮೆಯಿರುವ ದಂತವೈದ್ಯರು ತಾಲ್ಲೂಕು ಕೇಂದ್ರದಲ್ಲೇ ಸಿಕ್ಕರೆ ಸಾಕು.

ನಿಮ್ಮ ಮನೆಯ ಟ್ರಂಕಿನಲ್ಲಿ ಸೆಟ್ಟು ಇದ್ದರೆ ಹಿರಿಯರನ್ನು ಕೇಳಿ ಹೊರತೆಗೆಯಿರಿ. ಅದನ್ನು ಒಣಗಲು ಬಿಡಬಾರದು. ಅಕ್ರಿಲಿಕ್ ಒಣಗಿದರೆ ಆಕಾರ ತುಸು ಬದಲಾಗುತ್ತದೆ. ಕುದಿನೀರಿನಲ್ಲಿ ತೊಳೆದರೂ ಸೊಟ್ಟಗಾಗುತ್ತದೆ. ರಾತ್ರಿ ಬಾಯಿಂದ ತೆಗೆದು ತಣ್ಣೀರಿನ ಲೋಟದಲ್ಲಿಡಬೇಕು, ವಸಡಿಗೆ ವಿಶ್ರಾಂತಿ ಬೇಕು. ಒತ್ತುವ ಜಾಗವನ್ನು ಮನೆಯಲ್ಲೇ ಚಾಕುವಿನಿಂದ ಹೆರೆಯಲು ಹೋಗಬೇಡಿ. ಸಂದು ದೊಡ್ಡದಾದರೆ ಮತ್ತೆ ಅಚ್ಚಿನಿಂದಲೇ ಶುರುಮಾಡಬೇಕಾದೀತು. ವೈದ್ಯರ ಬಳಿಗೆ ಹೋಗುವ ಹಿಂದಿನ ದಿನ ಅಜ್ಜಿ ಸೆಟ್ಟನ್ನು ಹಾಕಿಕೊಂಡೇ ಊಟ ಮಾಡಲಿ. ಎಲ್ಲಿ ಕೆಂಪಾಗಿದೆಯೆಂದು ವೈದ್ಯರು ನೋಡಬೇಕಾದದ್ದು ಅದನ್ನೇ.