ಅಮೆರಿಕದಲ್ಲಿ ಬಡಮಕ್ಕಳ ವೈದ್ಯರಕ್ಷಣೆ: ಒಂದು ಚಾರಿತ್ರಿಕ ಸಮೀಕ್ಷೆ

ಬಡವರ ಕಾಯಿಲೆಗೆ ಚಿಕಿತ್ಸೆ ದೊರಕಬೇಕೆಂಬ ಮಾತಿಗೆ ಎದುರಾಡುವವರು ಕಡಮೆ. ಆದರೆ ಯಾರನ್ನು ಬಡವರೆಂದು ಎಣಿಸಬೇಕು, ಅದಕ್ಕೆ ಅವರು ಯಾವ ರುಜುವಾತನ್ನು ಒಪ್ಪಿಸಬೇಕು, ವೆಚ್ಚವನ್ನು ಯಾರು ಹೊರಬೇಕು ಎಂಬ ಪ್ರಶ್ನೆಗಳು ಬಂದಾಗ ಭಿನ್ನಾಭಿಪ್ರಾಯಗಳು ತಲೆದೋರುತ್ತವೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕಡಮೆ ವರಮಾನದ ಕುಟುಂಬಗಳಿಗೂ ಅವುಗಳ ಮಕ್ಕಳಿಗೂ ಸರ್ಕಾರದ ವೈದ್ಯರಕ್ಷಣೆ ದೊರೆತ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ. ಅಲ್ಲಿಯ ಈ ಚರಿತ್ರೆಯನ್ನು ಚಿಕಿತ್ಸೆಯನ್ನು ದಾನಧರ್ಮದಿಂದ ಬೇರ್ಪಡಿಸುವ ಪ್ರಯತ್ನದ ಚರಿತ್ರೆಯೆಂದು ಕರೆಯಬಹುದು. ಆ ಪ್ರಯತ್ನ ಮಕ್ಕಳ ವಿಷಯದಲ್ಲಿ ಬಹುಮಟ್ಟಿಗೆ ಫಲಿಸಿತು. ತಂದೆತಾಯಿಗಳ ವಿಷಯದಲ್ಲಿ ಅಷ್ಟಾಗಿ ಫಲಿಸಲಿಲ್ಲ.

ಇಂಗ್ಲೆಂಡಿನಲ್ಲಿ ೧೬೦೧ರಲ್ಲಿ ರೂಪುಗೊಂಡ ದೀನಪಾಲನೆಯ ಕಾಯಿದೆಯ ತತ್ತ್ವವನ್ನು ವಲಸೆಗಾರರು ತಮ್ಮೊಡನೆ ಅಮೆರಿಕಕ್ಕೆ ಕೊಂಡೊಯ್ದರು. ಬಡವರ ಹೊಣೆ ಆಯಾ ಊರಿನದು. ವೃದ್ಧರು, ಅಶಕ್ತರು, ದಿಕ್ಕಿಲ್ಲದ ಮಕ್ಕಳು ನೆರವಿಗೆ ಅರ್ಹರು. ಮೈಯಲ್ಲಿ ಕಸುವಿರುವವನು ದುಡಿಯಲೇಬೇಕು ಎಂಬುದೇ ಆ ತತ್ತ್ವ. ಇಪ್ಪತ್ತನೆಯ ಶತಮಾನದ ಶಾಸನಗಳಲ್ಲಿಯೂ ಇದರ ನೆರಳನ್ನು ಕಾಣಬಹುದು. ತಾಯಂದಿರ ಮತ್ತು ಶಿಶುಗಳ ಆರೋಗ್ಯಕ್ಕಾಗಿ ಒಕ್ಕೂಟ ಸರ್ಕಾರವು ರಾಜ್ಯಗಳಿಗೆ ಧನಸಹಾಯ ನೀಡುವಂತೆ ೧೯೨೧ರಲ್ಲಿ ಮಾಡಿದ ಷೆಪರ್ಡ್–ಟೌನರ್ ಶಾಸನ, ವೈದ್ಯರ ಸಂಘದ ವಿರೋಧಕ್ಕೆ ಗುರಿಯಾಗಿ ೧೯೨೯ರಲ್ಲಿ ಕೊನೆಗೊಂಡಿತು. ೧೯೩೫ರ ಸಾಮಾಜಿಕ ಭದ್ರತಾ ಶಾಸನದಲ್ಲಿ ತಾಯಿಮಕ್ಕಳ ಆರೋಗ್ಯಕ್ಕೆ ಅನುದಾನವೂ ಆಸರೆಯಿಲ್ಲದ ಮಕ್ಕಳಿಗೆ ಧನಸಹಾಯವೂ ಸೇರಿದುವು. ಆದರೆ ಆರೋಗ್ಯ ವಿಮೆ ಸೇರಲಿಲ್ಲ. ೧೯೫೦ರ ತಿದ್ದುಪಡಿಯು ನೆರವು ಪಡೆಯುವವರ ಪರವಾಗಿ ವೈದ್ಯರಿಗೂ ಆಸ್ಪತ್ರೆಗಳಿಗೂ ನೇರವಾಗಿ ಹಣ ಸಲ್ಲಿಸಲು ಅವಕಾಶ ಕಲ್ಪಿಸಿತು. ೧೯೬೦ರ ಕರ್–ಮಿಲ್ಸ್ ಶಾಸನ ಇದೇ ಜಾಡಿನಲ್ಲಿ ನಿರ್ಗತಿಕ ವೃದ್ಧರಿಗೆ ವೈದ್ಯಸಹಾಯವನ್ನು ವಿಸ್ತರಿಸಿತು.

೧೯೬೫ನೆಯ ಇಸವಿ ಜುಲೈ ೩೦ರಂದು ಮಿಸೂರಿ ರಾಜ್ಯದ ಇಂಡಿಪೆಂಡೆನ್ಸ್ ನಗರದಲ್ಲಿ, ಮಾಜಿ ಅಧ್ಯಕ್ಷ ಟ್ರೂಮನ್ನರ ಸಮ್ಮುಖದಲ್ಲಿ, ಅಧ್ಯಕ್ಷ ಲಿಂಡನ್ ಜಾನ್ಸನ್ನರು ಹೊಸ ಶಾಸನಕ್ಕೆ ಸಹಿ ಹಾಕಿದರು. ಅದರಿಂದ ಎರಡು ಯೋಜನೆಗಳು ಏಕಕಾಲದಲ್ಲಿ ಹುಟ್ಟಿದುವು. ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್. ಮೊದಲನೆಯದು ದುಡಿಮೆಯ ಕಾಲದಲ್ಲಿ ಕಟ್ಟಿದ ತೆರಿಗೆಯಿಂದ ಸಂಪಾದಿಸಿದ ಹಕ್ಕೆಂದು ಗಣ್ಯವಾಯಿತು. ಎರಡನೆಯದು ಒಕ್ಕೂಟ ಮತ್ತು ರಾಜ್ಯ ಸರ್ಕಾರಗಳು ವೆಚ್ಚವನ್ನು ಹಂಚಿಕೊಳ್ಳುವ ಸಹಾಯವಾಗಿ ಉಳಿಯಿತು. ಅದನ್ನು ಅಂಗೀಕರಿಸುವುದು ರಾಜ್ಯಗಳ ಇಚ್ಛೆಗೆ ಸೇರಿದ್ದರಿಂದ, ಕೊನೆಯದಾದ ಅರಿಜೋನ ರಾಜ್ಯ ೧೯೮೨ರಲ್ಲಿ ಸೇರುವ ಹೊತ್ತಿಗೆ ಹದಿನೇಳು ವರ್ಷಗಳು ಕಳೆದಿದ್ದುವು.

ಇಲ್ಲಿ ಓದುಗರು ಮುಖ್ಯವಾದ ಒಂದು ಅಂಶವನ್ನು ಗಮನಿಸಬೇಕು. ಮೆಡಿಕೇಡ್ ಪಡೆಯಲು ಬಡತನವೊಂದೇ ಸಾಲದಾಗಿತ್ತು; ಕುಟುಂಬವು ಧನಸಹಾಯದ ಪಟ್ಟಿಗೆ ಸೇರುವ ವರ್ಗದ್ದಾಗಿರಬೇಕಾಗಿತ್ತು. ತಂದೆ ಗತಿಸಿದ, ಮನೆಬಿಟ್ಟುಹೋದ ಅಥವಾ ಅಶಕ್ತನಾದ ಮನೆಯ ಮಗುವಿಗೆ ಚಿಕಿತ್ಸೆ ದೊರೆಯುತ್ತಿತ್ತು. ತಂದೆತಾಯಿಗಳಿಬ್ಬರೂ ಜೊತೆಯಲ್ಲಿದ್ದು, ದುಡಿದೂ ಸಾಲದಿದ್ದ ಮನೆಯ ಮಗು ಬಹುತೇಕ ಹೊರಗೆ ಉಳಿಯುತ್ತಿತ್ತು. ಒಳಗೆ ಸೇರಿದ ಮಕ್ಕಳಿಗೆ ದೊರೆತ ಸೌಲಭ್ಯವಾದರೋ ಉದಾರವಾದುದೇ. ಹದಿನೆಂಟು ತುಂಬುವ ತರುಣರಲ್ಲಿ ಮೂರನೆಯ ಒಂದು ಪಾಲು ಸೈನ್ಯಸೇವೆಗೆ ಅನರ್ಹರೆಂದು ೧೯೬೪ರ ಸರ್ಕಾರಿ ವರದಿಯೊಂದು ತಿಳಿಸಿತ್ತು. ೧೯೬೭ರ ತಿದ್ದುಪಡಿ, ಮಕ್ಕಳನ್ನು ಕಾಲಕಾಲಕ್ಕೆ ಪರೀಕ್ಷಿಸಿ, ದೋಷ ಕಂಡರೆ ಬೇಗನೆ ಚಿಕಿತ್ಸೆ ಕೊಡಿಸುವ ಹೊಣೆಯನ್ನು ಮೆಡಿಕೇಡಿಗೆ ವಹಿಸಿತು.

ಧನಸಹಾಯದ ಪಟ್ಟಿಗೂ ಚಿಕಿತ್ಸೆಗೂ ಇದ್ದ ಗಂಟು ಸಡಿಲವಾದದ್ದು ೧೯೮೪ರಿಂದ ೧೯೯೦ರವರೆಗಿನ ಅವಧಿಯಲ್ಲಿ. ಪ್ರತಿನಿಧಿ ಸಭೆಯ ಹೆನ್ರಿ ವ್ಯಾಕ್ಸ್‌ಮನ್ನರು ಇದಕ್ಕಾಗಿ ವರ್ಷವರ್ಷವೂ ಶ್ರಮಿಸಿದರು. ೧೯೮೪ರಲ್ಲಿ, ೧೯೮೩ರ ಸೆಪ್ಟೆಂಬರ್ ೩೦ರ ತರುವಾಯ ಹುಟ್ಟಿದ, ಐದು ವರ್ಷ ತುಂಬದ ಬಡ ಮಕ್ಕಳು, ತಂದೆತಾಯಿಗಳಿಬ್ಬರೂ ಮನೆಯಲ್ಲಿದ್ದರೂ ಅರ್ಹರಾದರು. ೧೯೮೯ರಲ್ಲಿ ಆರು ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ಬಡತನದ ರೇಖೆಯ ಶೇಕಡ ೧೩೩ರ ವರಮಾನದವರೆಗೆ ರಕ್ಷಣೆ ಕಡ್ಡಾಯವಾಯಿತು. ೧೯೯೦ರ ಶಾಸನ ಇನ್ನೂ ದೊಡ್ಡ ಮಕ್ಕಳನ್ನು ಒಂದೊಂದು ವಯಸ್ಸಿನಂತೆ ಸೇರಿಸುತ್ತ ಹೋಗಿ, ಹದಿನೆಂಟು ವರ್ಷದವರೆಗಿನ ಬಡ ಮಕ್ಕಳೆಲ್ಲರೂ ೨೦೦೨ರ ವೇಳೆಗೆ ಒಳಗಾಗುವಂತೆ ವಿಧಿಸಿತು. ಕುಟುಂಬದ ರೂಪಕ್ಕೆ ಬದಲಾಗಿ ವಯಸ್ಸು ಮತ್ತು ವರಮಾನಗಳೇ ಅರ್ಹತೆಯ ಅಳತೆಗೋಲುಗಳಾದುವು. ಹಳೆಯ ಧನಸಹಾಯ ಪದ್ಧತಿ ೧೯೯೬ರಲ್ಲಿ ರದ್ದಾದರೂ ಮಕ್ಕಳ ಚಿಕಿತ್ಸೆ ಅದರೊಡನೆ ಬಿದ್ದುಹೋಗಲಿಲ್ಲ.

ಮೆಡಿಕೇಡಿಗೆ ವರಮಾನ ಹೆಚ್ಚಾಗಿ, ಖಾಸಗಿ ವಿಮೆಗೆ ಕಡಮೆಯಾದ ಕುಟುಂಬಗಳು ಆಗಲೂ ನಡುವೆ ಸಿಕ್ಕಿಕೊಂಡಿದ್ದುವು. ರಿಪಬ್ಲಿಕನ್ ಪಕ್ಷದ ಓರಿನ್ ಹ್ಯಾಚ್ ಮತ್ತು ಡೆಮೊಕ್ರಾಟ್ ಪಕ್ಷದ ಎಡ್ವರ್ಡ್ ಕೆನಡಿ ಎಂಬ ಸೆನೆಟರುಗಳು ಒಂದಾಗಿ ದುಡಿದುದರ ಫಲವಾಗಿ ೧೯೯೭ರಲ್ಲಿ ಮಕ್ಕಳ ಆರೋಗ್ಯ ವಿಮಾ ಯೋಜನೆ, ಅಂದರೆ ‘ಚಿಪ್’, ಜಾರಿಗೆ ಬಂದಿತು. ಮೆಡಿಕೇಡನ್ನೇ ವಿಸ್ತರಿಸುವುದು, ಪ್ರತ್ಯೇಕ ಯೋಜನೆ ನಡೆಸುವುದು, ಎರಡನ್ನೂ ಬೆರೆಸುವುದು ಎಂಬ ಮೂರು ಮಾರ್ಗಗಳನ್ನು ರಾಜ್ಯಗಳ ಮುಂದಿಡಲಾಯಿತು. ಒಕ್ಕೂಟ ಸರ್ಕಾರ ಮೆಡಿಕೇಡಿಗಿಂತ ಹೆಚ್ಚಿನ ಪಾಲನ್ನು ಹೊತ್ತಿತು. ಆದರೆ ಮೆಡಿಕೇಡಿನಲ್ಲಿ ಅರ್ಹರಾದವರೆಲ್ಲರಿಗೂ ಹಕ್ಕುಂಟು. ಚಿಪ್ಪಿನ ಹಣಕ್ಕೆ ಮಿತಿಯುಂಟು. ಈ ಭೇದ ಕೇವಲ ಶಾಸ್ತ್ರೀಯವಾದುದಲ್ಲ. ೨೦೧೦ರ ಸುಮಾರಿಗೆ ಅರಿಜೋನ ತನ್ನ ಯೋಜನೆಗೆ ಹೊಸ ಮಕ್ಕಳ ಸೇರ್ಪಡೆಯನ್ನು ತಡೆದು, ೨೦೧೬ರಲ್ಲಿ ಮಾತ್ರ ಮತ್ತೆ ತೆರೆಯಿತು. ೨೦೧೭ರ ಸೆಪ್ಟೆಂಬರಿನಲ್ಲಿ ಯೋಜನೆಯ ಹಣದ ಅವಧಿಯೇ ಮುಗಿದು, ೨೦೧೮ರ ಜನವರಿಯವರೆಗೆ ರಾಜ್ಯಗಳು ಅನಿಶ್ಚಯದಲ್ಲಿ ಕಾಯಬೇಕಾಯಿತು. ಇಷ್ಟಾದರೂ ವಿಮೆಯಿಲ್ಲದ ಮಕ್ಕಳ ಪ್ರಮಾಣ ೧೯೯೭ರಲ್ಲಿ ಶೇಕಡ ೧೪ರಷ್ಟಿದ್ದುದು ೨೦೧೬ರ ವೇಳೆಗೆ ಶೇಕಡ ೫ರ ಸುಮಾರಿಗೆ ಇಳಿದುದು ಗಮನಾರ್ಹ.

ತಂದೆತಾಯಿಗಳ ಕಥೆ ಬೇರೆ. ೨೦೧೦ರ ಶಾಸನ ಬಡತನದ ರೇಖೆಯ ಶೇಕಡ ೧೩೮ರವರೆಗಿನ ವಯಸ್ಕರೆಲ್ಲರನ್ನೂ ಮೆಡಿಕೇಡಿಗೆ ಸೇರಿಸಲು ಉದ್ದೇಶಿಸಿತ್ತು. ಇದನ್ನು ರಾಜ್ಯಗಳ ಮೇಲೆ ಹೇರಲಾಗದೆಂದು ಸುಪ್ರೀಂ ಕೋರ್ಟು ೨೦೧೨ರಲ್ಲಿ ತೀರ್ಪಿತ್ತಿತು. ತತ್ಫಲವಾಗಿ ಕೆಲವು ರಾಜ್ಯಗಳಲ್ಲಿ ಒಂದೇ ಸೂರಿನಡಿಯ ಮಗುವಿಗೆ ರಕ್ಷಣೆಯುಂಟು, ತಾಯಿಗಿಲ್ಲ ಎಂಬ ಸ್ಥಿತಿ ಉಳಿದುಕೊಂಡಿತು. ೨೦೨೫ರ ಜುಲೈ ೪ರಂದು ಸಹಿಯಾದ ಶಾಸನ, ವಿಸ್ತರಣೆಯಿಂದ ಒಳಬಂದ ವಯಸ್ಕರು ತಿಂಗಳಿಗೆ ೮೦ ಗಂಟೆಗಳ ದುಡಿಮೆಯನ್ನೋ ತತ್ಸಮಾನ ಚಟುವಟಿಕೆಯನ್ನೋ ತೋರಿಸಬೇಕೆಂದು ವಿಧಿಸಿದೆ. ಹದಿಮೂರು ಮೀರದ ಮಕ್ಕಳುಳ್ಳ ತಂದೆತಾಯಿಗಳಿಗೆ ವಿನಾಯಿತಿಯಿದೆಯಾದರೂ, ದುಡಿಯಬಲ್ಲವರನ್ನು ಬೇರೆಯಾಗಿ ಎಣಿಸುವ ಹಳೆಯ ತತ್ತ್ವ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅರ್ಹತೆ ಬೇರೆ, ಅದು ಕೈಗೆ ದಕ್ಕುವುದು ಬೇರೆ. ಕೋವಿಡ್ ಪಿಡುಗಿನ ನಿಮಿತ್ತ ೨೦೨೦ರಿಂದ ನಿಲ್ಲಿಸಿದ್ದ ಅರ್ಹತೆಯ ಮರುಪರಿಶೀಲನೆ ೨೦೨೩ರಲ್ಲಿ ಮತ್ತೆ ಆರಂಭವಾದಾಗ ಎರಡೂವರೆ ಕೋಟಿಗೂ ಹೆಚ್ಚು ಜನ ಮೆಡಿಕೇಡಿನಿಂದ ಹೊರಬಿದ್ದರು. ಅವರಲ್ಲಿ ಬಹುಪಾಲು ಜನರನ್ನು ತೆಗೆದದ್ದು ವರಮಾನ ಏರಿತೆಂದು ಸಿದ್ಧಪಟ್ಟ ಕಾರಣಕ್ಕಲ್ಲ. ಅರ್ಜಿ ಮರಳಿ ಬಾರದಿರುವುದು, ವಿಳಾಸ ಬದಲಾಗಿರುವುದು ಮೊದಲಾದ ಕಾಗದಪತ್ರದ ಕಾರಣಗಳಿಗೆ. ಒಮ್ಮೆ ಸೇರಿದ ಮಗುವನ್ನು ಹನ್ನೆರಡು ತಿಂಗಳು ಕೈಬಿಡಬಾರದೆಂಬ ನಿಯಮ ೨೦೨೪ರ ಜನವರಿಯಿಂದ ಎಲ್ಲ ರಾಜ್ಯಗಳಿಗೂ ಅನ್ವಯಿಸಿತು. ಮಗುವನ್ನು ಹಳೆಯ ದೀನಪಾಲನೆಯ ಪಟ್ಟಿಯಿಂದ ಬಿಡಿಸಲು ಶಾಸನಗಳಿಗೆ ಅರ್ಧ ಶತಮಾನ ಹಿಡಿಯಿತು. ಹಾಗೆ ಬಿಡಿಸಿದ ಬಳಿಕವೂ ಅರ್ಜಿಯನ್ನು ತುಂಬಿ ಕಳುಹಿಸಬೇಕಾದವರು ಆ ಮಗುವಿನ ತಂದೆತಾಯಿಗಳೇ ಆಗಿರುವುದರಿಂದ, ಅವರನ್ನು ಹೊರಗಿಟ್ಟ ವ್ಯವಸ್ಥೆ ಮಗುವನ್ನು ಪೂರ್ಣವಾಗಿ ಒಳಗಿಟ್ಟಿತೆಂದು ಹೇಳುವುದು ಕಷ್ಟ.